ಮೇಕೆ ಮೂಸಿ ಬಿಟ್ಟರೆ: ಹೊಸ ಪೂರಕ ಆಹಾರ ರೂಢಿ ಮಾಡಿಸುವ ಬಗೆ

ಹೊಸ ಚೀಲ ಕೊಟ್ಟಿಗೆಗೆ ಬಂದ ದಿನವೇ ಅದನ್ನು ಗೋದಲಿಗೆ ಸುರಿಯಬೇಡಿ. ಒಂದು ಬದಿಗೆ ಒರಗಿಸಿಟ್ಟು ಮೊದಲು ಅದರ ಮೇಲಿನ ಚೀಟಿ ಓದಿ. ಆಡು ಮುಟ್ಟದ ಸೊಪ್ಪಿಲ್ಲ ಎಂದು ನಂಬಿ ಹಿಂಡಿಯ ಮೇಲೆ ಒಂದು ಹಿಡಿ ಪುಡಿ ಚೆಲ್ಲಿದವರನ್ನು, ಆಮೇಲೆ ಮೇಕೆಗಳು ಹಿಂಡಿಯನ್ನೂ ಬಿಟ್ಟು ದೂರ ನಿಂತಾಗ ತಲೆ ಕೆರೆದುಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಮೇಯಲು ಬಿಟ್ಟಾಗ ಗಮನಿಸಿ ನೋಡಿ. ಗುರುತಿಲ್ಲದ ಗಿಡ ಎದುರಾದರೆ ಮೇಕೆ ಒಂದೆರಡು ಎಲೆ ಕಿತ್ತು, ಬಾಯಲ್ಲಿ ಆಡಿಸಿ, ಮುಂದಕ್ಕೆ ಹೋಗುತ್ತದೆ. ಹೊಟ್ಟೆ ತುಂಬಿಸಿಕೊಳ್ಳುವುದು ಪರಿಚಯದ ಗಿಡದಲ್ಲೇ. ನಾವು ಮಾಡಬೇಕಾದ್ದು ಇಷ್ಟೆ: ಆ ಒಂದೆರಡು ಎಲೆಯ ಹಂತದಿಂದ ಪರಿಚಯದ ಹಂತಕ್ಕೆ ನಮ್ಮ ಪೂರಕ ಆಹಾರವನ್ನು ದಾಟಿಸುವುದು.

ನನ್ನದು ಹಾಲಿನ ಮೇಕೆಗಳ ಸಣ್ಣ ಹಿಂಡು. ಒಂದೊಂದರ ಸ್ವಭಾವವೂ ಗೊತ್ತು. ಚುಕ್ಕಿ ಎಂಬವಳು ಏನು ಕೊಟ್ಟರೂ ತಿಂದು ಬಟ್ಟಲು ನೆಕ್ಕುತ್ತಾಳೆ. ಬೂದಿ ಎಂಬವಳು ನೀರಿನ ಬಕೆಟ್ಟಿನ ಬಣ್ಣ ಬದಲಾದರೂ ಮುಖ ತಿರುಗಿಸುತ್ತಾಳೆ. ಕೆಳಗೆ ಬರೆದದ್ದರಲ್ಲಿ ಹೆಚ್ಚಿನದು ಬೂದಿಯಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಚುಕ್ಕಿಯಂಥವರಿಗೆ ಬೇರೆ ಎಚ್ಚರ ಬೇಕು, ಅದನ್ನೂ ಹೇಳುತ್ತೇನೆ.

ಚೀಟಿಯಲ್ಲಿ ಏನು ನೋಡಬೇಕು

ಯಾವ ಪ್ರಾಣಿಗೆ ಮಾಡಿದ್ದು ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿ. ಕುರಿಗೆಂದು ತಯಾರಿಸಿದ ಖನಿಜ ಮಿಶ್ರಣದಲ್ಲಿ ಸಾಮಾನ್ಯವಾಗಿ ತಾಮ್ರ ಸೇರಿಸಿರುವುದಿಲ್ಲ. ಕುರಿಯ ಯಕೃತ್ತಿನಲ್ಲಿ ತಾಮ್ರ ಕೂಡುತ್ತ ಹೋಗಿ, ಒಂದು ದಿನ ಇದ್ದಕ್ಕಿದ್ದಂತೆ ರಕ್ತಕಣ ಒಡೆದು ಕುರಿ ಸಾಯಬಹುದು. ಮೇಕೆಗೆ ಕುರಿಗಿಂತ ಹೆಚ್ಚು ತಾಮ್ರ ಬೇಕು, ಕಡಿಮೆಯಾದರೆ ಕಪ್ಪು ಕೂದಲು ಕೆಂಚಾಗುತ್ತ ಬರುತ್ತದೆ. ಹಾಗಾಗಿ ಕುರಿಯ ಮಿಶ್ರಣ ಮೇಕೆಗೆ ಸಾಲದು, ಮೇಕೆಯ ಮಿಶ್ರಣ ಕುರಿಗೆ ಆಗದು. ಎರಡನ್ನೂ ಒಂದೇ ದೊಡ್ಡಿಯಲ್ಲಿ ಸಾಕುವವರು ಮೇಕೆಯ ಬಟ್ಟಲನ್ನು ಕುರಿಗೆ ಸಿಗದ ಕಡೆ ಇಡಲೇಬೇಕು.

ಯೂರಿಯಾ ಇದೆಯೇ ನೋಡಿ. ಮೆಲುಕು ಹಾಕುವ ದೊಡ್ಡ ಮೇಕೆ ಅಲ್ಪ ಪ್ರಮಾಣದ ಯೂರಿಯಾವನ್ನು ಪ್ರೋಟೀನಾಗಿ ಬಳಸಿಕೊಳ್ಳಬಲ್ಲದು. ಅದನ್ನು ಮಾಡುವುದು ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಮರಿಗಳಲ್ಲಿ ಆ ಹೊಟ್ಟೆ ಇನ್ನೂ ಬಲಿತಿರುವುದಿಲ್ಲ, ಆದ್ದರಿಂದ ಮರಿಗಳಿಗೆ ಬೇಡವೇ ಬೇಡ. ದೊಡ್ಡವಕ್ಕೂ ಹಸಿದ ಹೊಟ್ಟೆಯಲ್ಲಿ ಒಮ್ಮೆಲೇ ಸಿಕ್ಕರೆ ಅಮೋನಿಯ ನಂಜೇರುತ್ತದೆ. ಯೂರಿಯಾ ಕಾಕಂಬಿ ಇಟ್ಟಿಗೆ ಕಟ್ಟುವವರು ಅದು ಮಳೆಯಲ್ಲಿ ನೆನೆಯದಂತೆ ನೋಡಿಕೊಳ್ಳಬೇಕು. ನೆಕ್ಕುವ ಇಟ್ಟಿಗೆಗಿಂತ ಅದು ಕರಗಿ ನಿಂತ ನೀರು ಅಪಾಯ.

ಆಮೇಲೆ ಚೀಲ ಬಿಚ್ಚಿ ನೀವೇ ಮೂಸಿ. ಅಕ್ಕಿ ತೌಡಿನಂಥ ಎಣ್ಣೆಯಂಶದ ವಸ್ತು ಕೆಲವೇ ದಿನಗಳಲ್ಲಿ ಕಮಟಾಗಬಹುದು. ನಮ್ಮ ಮೂಗಿಗೆ ಸ್ವಲ್ಪವೇ ಹಳಸಿದ ವಾಸನೆ ಬಂದರೆ ಮೇಕೆಗೆ ಅದು ಬಾಗಿಲಾಚೆಯೇ ತಿಳಿದಿರುತ್ತದೆ. ಗಂಟು ಕಟ್ಟಿದ್ದು, ಬೂಷ್ಟು ಹಿಡಿದದ್ದು ಸಿಕ್ಕರೆ ರೂಢಿ ಮಾಡಿಸುವ ಮಾತೇ ಇಲ್ಲ. ತಿನ್ನದ ಮೇಕೆಯ ಪರವಾಗಿ ನಿಂತು ಚೀಲ ವಾಪಸ್ ಕೊಡಿ.

ಮೂಗು ಒಪ್ಪಬೇಕು, ಹೊಟ್ಟೆಯೂ ಒಪ್ಪಬೇಕು

ಮೇಕೆ ಆಹಾರವನ್ನು ಎರಡು ಸಲ ಪರೀಕ್ಷೆ ಮಾಡುತ್ತದೆ. ಮೂಗು, ತುಟಿ, ನಾಲಿಗೆಯಿಂದ ಮಾಡುವ ಪರೀಕ್ಷೆ ನಮ್ಮ ಕಣ್ಣಿಗೆ ಕಾಣುತ್ತದೆ. ತಿಂದ ಕೆಲ ಗಂಟೆಗಳಲ್ಲಿ ಹೊಟ್ಟೆ ಮಾಡುವ ಪರೀಕ್ಷೆ ಕಾಣುವುದಿಲ್ಲ, ಆದರೆ ಕೊನೆಯ ತೀರ್ಮಾನ ಅದರದೇ. ತಿಂದ ಮೇಲೆ ಹೊಟ್ಟೆ ಹಗುರಾಗಿದ್ದರೆ ಮರುದಿನ ಎರಡು ಬಾಯಿ ಹೆಚ್ಚು ತಿನ್ನುತ್ತದೆ. ಓಕರಿಕೆ, ಉಬ್ಬರ ಬಂದರೆ ಆ ರುಚಿಯನ್ನು ನೆನಪಿಟ್ಟು ದೂರವಿಡುತ್ತದೆ.

ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಫ್ರೆಡ್ ಪ್ರೊವೆಂಝಾ ಮತ್ತು ಜೊತೆಗಾರರು ಇದನ್ನು ಮೇಕೆ, ಕುರಿಗಳ ಮೇಲೆ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಬ್ಲ್ಯಾಕ್‌ಬ್ರಷ್ ಎಂಬ ಪೊದೆಯ ಎಳೆ ಚಿಗುರಿನಲ್ಲಿ ಹಳೆಯ ಕಡ್ಡಿಗಿಂತ ಪೋಷಕಾಂಶ ಹೆಚ್ಚು. ಆದರೂ ಮೇಕೆಗಳು ಚಿಗುರನ್ನು ಬಿಟ್ಟು ಹಳೆಯ ಕಡ್ಡಿಯನ್ನೇ ಮೇಯುತ್ತಿದ್ದವು. ಚಿಗುರಿನಲ್ಲಿದ್ದ ಟ್ಯಾನಿನ್ ಎಂಬ ಒಗರು ಅಂಶ ಹೊಟ್ಟೆಗೆ ಒಗ್ಗುವುದಿಲ್ಲ ಎಂಬುದನ್ನು ಅವು ತಿಂದೇ ಕಲಿತಿದ್ದವು. ಇಂಥ ಪ್ರಯೋಗಗಳಲ್ಲಿ ಕಂಡ ಇನ್ನೊಂದು ಸಂಗತಿ ನಮಗೆ ಬಹಳ ಬೇಕಾದ್ದು. ಪರಿಚಯದ ಆಹಾರ, ಹೊಸ ಆಹಾರ ಎರಡನ್ನೂ ತಿಂದ ಮೇಲೆ ಹೊಟ್ಟೆ ಕೆಟ್ಟರೆ, ಪ್ರಾಣಿ ತಪ್ಪು ಹೊರಿಸುವುದು ಹೊಸದರ ಮೇಲೆ.

ಇದರಿಂದ ಹುಟ್ಟುವ ನಿಯಮವನ್ನು ನಾನು ಉಳಿದ ಎಲ್ಲಕ್ಕಿಂತ ಮೇಲೆ ಇಡುತ್ತೇನೆ: ಹೊಸ ಆಹಾರ ಶುರುಮಾಡುವ ವಾರದಲ್ಲಿ ಬೇರೆ ಯಾವುದೂ ಹೊಸದಾಗಬಾರದು. ಜಂತುಹುಳು ಔಷಧಿ ಕುಡಿಸಿದ ದಿನ ಬೇಡ. ಲಸಿಕೆ ಹಾಕಿಸಿದ ದಿನ ಬೇಡ. ಮೇಕೆಯನ್ನು ಗಾಡಿಯಲ್ಲಿ ತಂದ ದಿನ, ಮರಿ ಬಿಡಿಸಿದ ದಿನ, ಜೋರು ಮಳೆಗೆ ನೆನೆದು ನಡುಗುತ್ತಿರುವ ದಿನ, ಯಾವುದೂ ಬೇಡ. ಆ ದಿನ ಅವಕ್ಕೆ ಬೇರೆ ಕಾರಣಕ್ಕೆ ಮೈ ಸರಿಯಿಲ್ಲದಿದ್ದರೂ ಅಪವಾದ ನಿಮ್ಮ ಪುಡಿಯ ಮೇಲೆ ಬರುತ್ತದೆ, ಮತ್ತು ಆ ಅಪವಾದ ತಿಂಗಳುಗಟ್ಟಲೆ ಉಳಿಯುತ್ತದೆ. ಆಹಾರ ಹೊಸದಾದರೆ ಬಟ್ಟಲು ಹಳೆಯದಿರಲಿ, ಜಾಗ ಹಳೆಯದಿರಲಿ, ಕೊಡುವ ಕೈಯೂ ದಿನಾ ಮೇವು ಹಾಕುವ ಕೈಯೇ ಆಗಿರಲಿ.

ಹಸಿವಿಗೆ ಬಿಟ್ಟರೆ ತಾನೇ ತಿನ್ನುತ್ತದೆ ಎನ್ನುವವರ ಮಾತನ್ನು ಕೇಳಬೇಡಿ. ಹಸಿದ ಮೇಕೆ ತಿನ್ನುತ್ತದೆ, ನಿಜ. ಗಬಗಬನೆ ತಿನ್ನುತ್ತದೆ, ಮತ್ತು ಅದೇ ತೊಂದರೆ. ಧಾನ್ಯ, ಹಿಂಡಿ, ಕಾಕಂಬಿಯಂಥದ್ದು ಹಸಿದ ಹೊಟ್ಟೆಗೆ ಒಮ್ಮೆಲೇ ಬಿದ್ದರೆ ಹುಳಿ ಹುಟ್ಟಿಸುವ ಬ್ಯಾಕ್ಟೀರಿಯಾಗಳು ಒಮ್ಮೆಗೇ ಬೆಳೆದು ಹೊಟ್ಟೆಯ ಆಮ್ಲತೆ ಏರುತ್ತದೆ. ಪಿಎಚ್ (ಆಮ್ಲತೆ ಏರಿದಷ್ಟೂ ಇಳಿಯುವ ಅಳತೆ) ಸಾಮಾನ್ಯವಾಗಿ 6ರಿಂದ 7ರ ನಡುವೆ ಇರಬೇಕಾದ್ದು 5.5ಕ್ಕಿಂತ ಕೆಳಗೆ ಇಳಿದರೆ ಮೆಲುಕು ನಿಲ್ಲುತ್ತದೆ, ಭೇದಿ ಶುರುವಾಗುತ್ತದೆ, ಕೆಲವೊಮ್ಮೆ ಮೇಕೆಯೇ ಉಳಿಯುವುದಿಲ್ಲ. ಉಳಿದರೂ ಆ ಆಹಾರವನ್ನು ಮತ್ತೆ ಮೂಸಲಿಕ್ಕಿಲ್ಲ. ಆದ್ದರಿಂದ ಒಣ ಮೇವೋ ಸೊಪ್ಪೋ ಅರ್ಧ ಹೊಟ್ಟೆ ತಿಂದು, ಅವಸರವಿಲ್ಲದೆ ನಿಂತಿರುವಾಗ ಹೊಸದನ್ನು ತೋರಿಸಿ. ನಾನು ಆರಿಸಿಕೊಳ್ಳುವುದು ಬೆಳಗಿನ ಹಾಲು ಕರೆದಾದ ಮೇಲಿನ ಹೊತ್ತು.

ಬೆರೆಸುವ ಕ್ರಮ

ದಿನದ ಪೂರ್ತಿ ಹಿಂಡಿಯಲ್ಲಿ ಹೊಸ ಪುಡಿ ಬೆರೆಸಿ ಬಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ಮೇಕೆಯ ಮೇಲ್ದುಟಿ ಬಲು ಚುರುಕು. ಕಾಳನ್ನು ಆರಿಸಿ ತಿಂದು ಪುಡಿಯನ್ನು ತಳದಲ್ಲಿ ಹಾಗೇ ಉಳಿಸುತ್ತದೆ. ವಾಸನೆ ಇಷ್ಟವಾಗದಿದ್ದರಂತೂ ನಂಬಿ ತಿನ್ನುತ್ತಿದ್ದ ಹಿಂಡಿಯ ಮೇಲೂ ಅನುಮಾನ ಹುಟ್ಟುತ್ತದೆ, ಹಾಲು ಇಳಿಯುತ್ತದೆ. ಅದರ ಬದಲು ಅವು ಇಷ್ಟಪಟ್ಟು ತಿನ್ನುವ ಯಾವುದಾದರೂ ಒಂದನ್ನು ಒಂದೇ ಹಿಡಿಯಷ್ಟು, ಬೇರೆ ಬಟ್ಟಲಲ್ಲಿ, ಮುಖ್ಯ ಊಟದಿಂದ ಬೇರೆ ಹೊತ್ತಿನಲ್ಲಿ ಕೊಡುವ ರೂಢಿ ಮಾಡಿ. ಬೂಸಾ ಆಗಬಹುದು, ಒಡೆದ ಕಾಳಾಗಬಹುದು. ಮೊದಲ ಕೆಲವು ದಿನ ಅದರಲ್ಲಿ ಏನೂ ಬೆರೆಸಬೇಡಿ. ಬಟ್ಟಲಿನ ಸದ್ದಿಗೆ ಓಡಿಬರಲು ಕಲಿತ ಮೇಲೆ ಹೊಸದನ್ನು ಸೇರಿಸಿ. ಅವು ಅದನ್ನು ಬಿಟ್ಟರೂ ನಷ್ಟ ಆ ಒಂದು ಹಿಡಿಗೆ ಮಾತ್ರ.

ಮೊದಲ ದಿನ ಎರಡು ಬೆರಳಲ್ಲಿ ಹಿಡಿಯುವಷ್ಟು ಪುಡಿ ಸಾಕು. ಬೂಸಾದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಕೈಯಲ್ಲಿ ತಿಕ್ಕಿ, ಪುಡಿ ಪ್ರತಿ ಚೂರಿಗೂ ಅಂಟಬೇಕು. ಒಣ ಪುಡಿ ಮೂಗಿಗೆ ಹಾರಿದರೆ ಮೇಕೆ ಸೀನಿ ಹಿಂದೆ ಸರಿಯುತ್ತದೆ, ಎಷ್ಟೋ ಸಲ ಬೇಡವೆನ್ನಲು ಅದೊಂದೇ ಕಾರಣ. ನೀರಿನ ಬದಲು ಕಾಕಂಬಿಯನ್ನು ತೆಳ್ಳಗೆ ಕದಡಿ ಚಿಮುಕಿಸಬಹುದು. ಆದರೆ ಅದನ್ನೇ ಅಭ್ಯಾಸ ಮಾಡಿಸಿದರೆ ಮುಂದೆ ಸಿಹಿ ತಪ್ಪಿದ ದಿನ ಮುಷ್ಕರ, ಆದ್ದರಿಂದ ಸಿಹಿಯನ್ನು ದಿನದಿಂದ ದಿನಕ್ಕೆ ತಗ್ಗಿಸುತ್ತ ಬನ್ನಿ. ಒದ್ದೆ ಮಾಡಿದ್ದು ಒಂದೆರಡು ಗಂಟೆಯಲ್ಲಿ ಖಾಲಿಯಾಗದಿದ್ದರೆ ಎತ್ತಿ ಎಸೆಯಿರಿ. ಹುಳಿ ಬಂದದ್ದನ್ನು ಸಂಜೆ ಮತ್ತೆ ಇಡುವುದು ಮೇಕೆಯ ಅನುಮಾನವನ್ನು ನಿಜ ಮಾಡಿದಂತೆ.

ಬಟ್ಟಲು ಖಾಲಿಯಾದ ದಿನಗಳ ಲೆಕ್ಕದ ಮೇಲೆ ಪ್ರಮಾಣ ಏರಿಸಿ, ಕ್ಯಾಲೆಂಡರಿನ ಮೇಲಲ್ಲ. ಎರಡು ದಿನ ಪೂರ್ತಿ ತಿಂದರೆ ಸ್ವಲ್ಪ ಹೆಚ್ಚಿಸಿ. ಉಳಿಸಿದರೆ ಹಿಂದಿನ ಪ್ರಮಾಣಕ್ಕೆ ಬನ್ನಿ. ಖನಿಜ ಮಿಶ್ರಣವಾದರೆ ದೊಡ್ಡ ಮೇಕೆಗೆ ಸಾಮಾನ್ಯವಾಗಿ ದಿನಕ್ಕೆ 10ರಿಂದ 15 ಗ್ರಾಂ, ಹಾಗಾಗಿ ಗುರಿ ದೂರವಿಲ್ಲ, ಒಂದು ವಾರ ಹತ್ತು ದಿನದಲ್ಲಿ ಮುಟ್ಟಬಹುದು. ಹಿಂಡಿ, ಧಾನ್ಯ, ಪೆಲೆಟ್ ಇವುಗಳಿಗೆ ಹೆಚ್ಚು ತಾಳ್ಮೆ ಬೇಕು. ದಿನಕ್ಕೆ 50 ಗ್ರಾಂನಿಂದ ಶುರುಮಾಡಿ, ಎರಡು ಮೂರು ದಿನಕ್ಕೊಮ್ಮೆ ಇನ್ನು 50 ಗ್ರಾಂ ಸೇರಿಸುತ್ತ, ಕಡಿಮೆಯೆಂದರೂ ಎರಡು ವಾರ ತೆಗೆದುಕೊಳ್ಳಿ. ಆ ಎರಡು ವಾರ ಬೇಕಾಗಿರುವುದು ನಾಲಿಗೆಗಲ್ಲ, ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಪಾಳಿ ಬದಲಾಗಲು.

ಇಲ್ಲೇ ಚುಕ್ಕಿಯಂಥವರ ಮಾತು ಬರುತ್ತದೆ. ಏನು ಕೊಟ್ಟರೂ ತಿನ್ನುವ ಮೇಕೆಗೆ ಮೊದಲ ದಿನವೇ ಪೂರ್ತಿ ಕೊಡುವ ಆಸೆ ಯಾರಿಗೂ ಆಗುತ್ತದೆ. ಅದರ ಬಾಯಿ ತಯಾರಾಗಿದೆ, ಹೊಟ್ಟೆ ತಯಾರಾಗಿಲ್ಲ. ಧಾನ್ಯ ಒಮ್ಮೆಲೇ ಹೆಚ್ಚಾದಾಗ ಎರಗುವ ಕರುಳುಬೇನೆ ಹೆಚ್ಚಾಗಿ ಹೊಡೆಯುವುದು ಚೆನ್ನಾಗಿ ತಿಂದು ದಷ್ಟಪುಷ್ಟವಾಗಿರುವ ಮರಿ, ಮೇಕೆಗಳನ್ನೇ. ಅದಕ್ಕೆ ಲಸಿಕೆಯಿದೆ; ಆಹಾರ ಬದಲಿಸುವ ಯೋಚನೆಯಿದ್ದರೆ ಕೆಲ ವಾರ ಮೊದಲೇ ಹಾಕಿಸಿ ಮುಗಿಸಿಕೊಳ್ಳಿ.

ಒಂದೊಂದರ ಹಟ ಒಂದೊಂದು ಥರ

ಖನಿಜ ಮಿಶ್ರಣ ತಿನ್ನಿಸುವ ಗುಟ್ಟು ಉಪ್ಪಿನಲ್ಲಿದೆ. ಮೇಕೆಗೆ ಸಹಜವಾಗಿ ಬೇಕೆನಿಸುವ ಖನಿಜವೆಂದರೆ ಉಪ್ಪು. ಮೆಗ್ನೀಷಿಯಂ ಆಕ್ಸೈಡ್‌ನಂಥ ಕಹಿ ವಸ್ತುಗಳನ್ನು ಅದು ಬಯಸಿ ತಿನ್ನುವುದಿಲ್ಲ. ತಯಾರಕರು ಮಿಶ್ರಣದಲ್ಲಿ ಉಪ್ಪು ಹಾಕುವುದು ಅದನ್ನು ತಿನ್ನಿಸಲಿಕ್ಕೂ ಹೌದು, ಅತಿಯಾಗಿ ತಿನ್ನದಂತೆ ತಡೆಯಲಿಕ್ಕೂ ಹೌದು. ಪಕ್ಕದಲ್ಲೇ ಬರೀ ಉಪ್ಪಿನ ಗಡ್ಡೆ ನೇತಾಡುತ್ತಿದ್ದರೆ ಮೇಕೆ ಅಲ್ಲಿ ನೆಕ್ಕಿ ತೃಪ್ತಿಪಟ್ಟು ಮಿಶ್ರಣದ ಕಡೆ ತಿರುಗುವುದಿಲ್ಲ. ಆ ಗಡ್ಡೆ ತೆಗೆಯಿರಿ. ಚೀಟಿ ನೋಡಿದಾಗ ಮಿಶ್ರಣದಲ್ಲಿ ಉಪ್ಪಿಲ್ಲವೆಂದು ಕಂಡರೆ ನೀವೇ ಸೇರಿಸಬೇಕಾಗುತ್ತದೆ. ಉಪ್ಪು ತಿನ್ನುವ ಮೇಕೆಯ ಮುಂದೆ ಒಳ್ಳೆಯ ನೀರು ಸದಾ ಇರಬೇಕು. ಗಟ್ಟಿ ಇಟ್ಟಿಗೆಗಿಂತ ಪುಡಿ ರೂಪವೇ ನನ್ನ ಆಯ್ಕೆ, ಬೇಕಾದಷ್ಟು ಮಿಶ್ರಣ ಒಳಗೆ ಹೋಗುವಷ್ಟು ಹೊತ್ತು ಮೇಕೆ ಇಟ್ಟಿಗೆಯ ಮುಂದೆ ನಿಂತು ನೆಕ್ಕುವುದಿಲ್ಲ.

ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲಾ ಎಂಬ ಪುಟ್ಟ ಜರೀಗಿಡದ ತಕರಾರು ಬೇರೆ. ಅದರಲ್ಲಿ ಪ್ರೋಟೀನ್ ಚೆನ್ನಾಗಿದ್ದರೂ ಬೆಳೆಸುವ ತೊಟ್ಟಿಯ ಸಗಣಿ ನೀರಿನ ವಾಸನೆ ಅಂಟಿರುತ್ತದೆ. ಶುದ್ಧ ನೀರಿನಲ್ಲಿ ವಾಸನೆ ಹೋಗುವವರೆಗೆ ತೊಳೆದು, ನೀರು ಬಸಿದು, ಬೂಸಾದಲ್ಲಿ ಕಲಸಿ ಕೊಡಿ. ನೆರಳಲ್ಲಿ ಒಣಗಿಸಿ ಕೊಟ್ಟರೆ ಇನ್ನೂ ಬೇಗ ಒಪ್ಪುತ್ತವೆ.

ಸುಬಾಬುಲ್ ಸೊಪ್ಪನ್ನು ಮೇಕೆಗಳು ಹೇಳಿಸಿಕೊಳ್ಳದೆ ತಿನ್ನುತ್ತವೆ, ಅಲ್ಲಿ ತಡೆಯಬೇಕಾದವರು ನಾವು. ಅದರಲ್ಲಿರುವ ಮಿಮೋಸಿನ್ ಅತಿಯಾದರೆ ಕೂದಲು ಉದುರುತ್ತದೆ, ಗಂಟಲ ಗ್ರಂಥಿ ಊದುತ್ತದೆ. ಹವಾಯಿಯಲ್ಲಿ ಮೇಕೆಗಳು ಇದನ್ನು ಯಥೇಚ್ಛ ತಿಂದರೂ ಏನೂ ಆಗದ್ದನ್ನು ಕಂಡ ಆಸ್ಟ್ರೇಲಿಯದ ವಿಜ್ಞಾನಿ ರೇಮಂಡ್ ಜೋನ್ಸ್, 1980ರ ದಶಕದಲ್ಲಿ ಆ ಮೇಕೆಗಳ ಹೊಟ್ಟೆಯ ಬ್ಯಾಕ್ಟೀರಿಯಾವನ್ನು ತಮ್ಮ ದೇಶದ ಜಾನುವಾರುಗಳಿಗೆ ದಾಟಿಸಿ ಅವೂ ತಾಳಿಕೊಳ್ಳುವಂತೆ ಮಾಡಿದರು. ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಆ ಬ್ಯಾಕ್ಟೀರಿಯಾಕ್ಕೆ ಅವರ ಹೆಸರೇ ಉಳಿದಿದೆ. ನಮ್ಮ ಮೇಕೆಗಳ ಹೊಟ್ಟೆಯಲ್ಲಿ ಅದಿದೆಯೋ ಇಲ್ಲವೋ ನೋಡಿ ಹೇಳಲಾಗದು, ಹಾಗಾಗಿ ಬೇರೆ ಸೊಪ್ಪಿನ ಜೊತೆ ಸ್ವಲ್ಪವೇ ಕೊಡುವುದು ಕ್ಷೇಮ.

ದ್ರವ ರೂಪದ್ದನ್ನು ಕುಡಿಯುವ ನೀರಿಗೆ ಹಾಕುವುದಾದರೆ ಪಕ್ಕದಲ್ಲಿ ಬರೀ ನೀರಿನ ಬಕೆಟ್ಟೂ ಇರಲಿ. ಇಲ್ಲದಿದ್ದರೆ ಔಷಧಿಯ ವಾಸನೆಗೆ ಹೆದರಿ ನೀರನ್ನೇ ಬಿಡುತ್ತವೆ. ಬಾಯಿ ಬಿಡಿಸಿ ಕುಡಿಸುವುದು ಕೊನೆಯ ದಾರಿ. ಆಗಲೂ ತಲೆಯನ್ನು ಆಕಾಶಕ್ಕೆ ಎತ್ತಬೇಡಿ, ದ್ರವ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ದಿನಾ ತಿನ್ನಬೇಕಾದ್ದನ್ನು ಒತ್ತಾಯದಿಂದ ಶುರುಮಾಡಿದರೆ ಮೇಕೆ ಪುಡಿಗೂ ಹೆದರುತ್ತದೆ, ನಿಮ್ಮ ಕೈಗೂ ಹೆದರುತ್ತದೆ.

ಹಿಂಡಿನ ಸಹಾಯ

ತಿನ್ನುವ ಮೇಕೆಯನ್ನು ತಿನ್ನದ ಮೇಕೆಯ ಪಕ್ಕ ನಿಲ್ಲಿಸಿ. ನಾವು ಬಟ್ಟಲು ಹಿಡಿದು ಎಷ್ಟು ಪುಸಲಾಯಿಸಿದರೂ ಆಗದ್ದು ಪಕ್ಕದವಳ ಅಗಿಯುವ ಸದ್ದಿಗೆ ಆಗುತ್ತದೆ. ಬೂದಿ ಪೆಲೆಟ್ ಕಲಿತದ್ದು ಚುಕ್ಕಿಯ ಬಾಯಿಂದ ಉದುರಿದ್ದನ್ನು ಹೆಕ್ಕಿ. ಆದರೆ ಹಿಂಡಿನ ಯಜಮಾನಿತಿಯ ಪಕ್ಕ ಅಂಜುಬುರುಕಿಯನ್ನು ಕಟ್ಟಬೇಡಿ. ಕೊಂಬಿನ ತಿವಿತಕ್ಕೆ ಹೆದರಿ ದೂರ ನಿಂತದ್ದನ್ನು ನಾವು ರುಚಿ ಹಿಡಿಸಲಿಲ್ಲವೆಂದು ತಿಳಿದುಕೊಳ್ಳುತ್ತೇವೆ. ಗೋದಲಿಯಲ್ಲಿ ಒಂದೊಂದಕ್ಕೂ 40 ಸೆಂಟಿಮೀಟರಿನಷ್ಟಾದರೂ ಜಾಗವಿರಲಿ, ಕೊಂಬಿದ್ದರೆ ಇನ್ನೂ ಹೆಚ್ಚು. ಕಾಲಿಟ್ಟು ಹತ್ತಲಾಗದ ಎತ್ತರದಲ್ಲಿರಲಿ, ಒಂದು ಹಿಕ್ಕೆ ಬಿದ್ದ ಬಟ್ಟಲಿಗೂ ಮೇಕೆ ಬಾಯಿ ಹಾಕುವುದಿಲ್ಲ.

ಎಲ್ಲಕ್ಕಿಂತ ಸುಲಭದ ವಿದ್ಯಾರ್ಥಿ ಮರಿ. ಎರಡು ವಾರ ದಾಟಿದ ಮರಿ ತಾಯಿಯ ಬಟ್ಟಲಿಗೆ ಮೂತಿ ತೂರಿಸಲು ಶುರುಮಾಡುತ್ತದೆ. ಆಗ ತಾಯಿ ತಿನ್ನುತ್ತಿರುವುದು ಅದಕ್ಕೆ ಜೀವಮಾನದ ಪರಿಚಯವಾಗುತ್ತದೆ. ಮುಂದೆ ಕೊಡಬೇಕೆಂದಿರುವುದನ್ನು ಆಗಲೇ ತಾಯಿಗೆ ಕೊಡುತ್ತಿದ್ದರೆ ಅರ್ಧ ಕೆಲಸ ತಾಯಿಯೇ ಮಾಡಿರುತ್ತಾಳೆ. (ಯೂರಿಯಾ ಇರುವುದನ್ನು ಮಾತ್ರ ಮರಿಯ ಮೂತಿಗೆ ಸಿಗದಂತೆ ಇಡಬೇಕು.) ಗಬ್ಬದ ಮೇಕೆಗೆ ಹಾಲಿನ ಕಾಲದ ಹಿಂಡಿಯನ್ನು ಈಯುವ ಮೂರು ನಾಲ್ಕು ವಾರ ಮೊದಲೇ ಅಲ್ಪಸ್ವಲ್ಪ ಪರಿಚಯಿಸಿ. ಈದ ದಿನ ಹೊಸ ರುಚಿ ತೋರಿಸುವ ಹೊತ್ತಲ್ಲ.

ನಿಲ್ಲಿಸಬೇಕಾದ ಹೊತ್ತು

ದಿನಾ ಬೆಳಿಗ್ಗೆ ನೆಲ ನೋಡಿ. ಬಿಡಿಬಿಡಿ ಹಿಕ್ಕೆ ಮುದ್ದೆಯಾಗಿ ಬೀಳುತ್ತಿದ್ದರೆ ಏರಿಸಿದ್ದು ಹೆಚ್ಚಾಯಿತು, ಎರಡು ಹೆಜ್ಜೆ ಹಿಂದೆ ಬನ್ನಿ. ಎಡ ಪಕ್ಕೆಯ ಗುಳಿಯಲ್ಲಿ ಮುಷ್ಟಿಯಿಟ್ಟು ನಿಂತರೆ ನಿಮಿಷಕ್ಕೆ ಒಂದೆರಡು ಸಲ ಹೊಟ್ಟೆ ಒಳಗಿಂದ ತಳ್ಳುವುದು ತಿಳಿಯಬೇಕು. ಆ ತಳ್ಳು ಇಲ್ಲ, ಮೆಲುಕು ಇಲ್ಲ, ಹಲ್ಲು ಕಡಿಯುತ್ತಿದೆ, ಎಡ ಪಕ್ಕೆ ತಮಟೆಯಂತೆ ಬಿಗಿದಿದೆ ಎಂದಾದರೆ ಎಲ್ಲ ನಿಲ್ಲಿಸಿ ಪಶುವೈದ್ಯರನ್ನು ಕರೆಯಿರಿ. ಹೋತಗಳಲ್ಲಿ ಇನ್ನೊಂದು ಗಮನಿಸಬೇಕು: ಧಾನ್ಯದ ಪೂರಕ ಹೆಚ್ಚಾಗಿ ರಂಜಕ ಸುಣ್ಣಕ್ಕಿಂತ ಮೇಲಾದರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಸುಣ್ಣ ಎರಡು ಪಾಲು, ರಂಜಕ ಒಂದು ಪಾಲು ಇರಬೇಕು. ಹೋತ ಬೆನ್ನು ಬಾಗಿಸಿ ತಿಣುಕುತ್ತ ಹನಿ ಹನಿ ಹೊಯ್ಯುತ್ತಿದ್ದರೆ ನಾಳೆಗೆ ಕಾಯಬೇಡಿ.

ಇಷ್ಟೆಲ್ಲ ಮಾಡಿಯೂ ಒಂದು ಮೇಕೆ ಮುಟ್ಟದಿದ್ದರೆ ಹಟಕ್ಕೆ ಬೀಳಬೇಡಿ. ಕೆಲ ವಾರ ಆ ವಾಸನೆಯೇ ಇಲ್ಲದಂತೆ ಬಿಟ್ಟು, ರೂಪ ಬದಲಿಸಿ ತನ್ನಿ: ಪುಡಿ ಬೇಡವೆಂದವಳಿಗೆ ಪೆಲೆಟ್, ಪೆಲೆಟ್ ಬೇಡವೆಂದವಳಿಗೆ ನೆನೆಸಿ ಹಿಚುಕಿದ್ದು. ತೂಕ, ಹಾಲು, ಕೂದಲಿನ ಹೊಳಪು ಎಲ್ಲ ಸರಿಯಿದ್ದರೆ ಆಕೆಗೆ ಮೇವಿನಲ್ಲೇ ಸಾಕಷ್ಟು ಸಿಗುತ್ತಿರಲೂಬಹುದು.

ಒಪ್ಪಿದವರಿಗೆ ಒಂದು ಕೊನೆಯ ಜಾಗ್ರತೆ. ಅದೇ ಕಂಪನಿಯ ಅದೇ ಹೆಸರಿನ ಮುಂದಿನ ಚೀಲ ಅದೇ ವಾಸನೆಯದಾಗಿರಬೇಕಿಲ್ಲ. ಹಳೆಯ ಚೀಲ ತಳ ಕಾಣುವ ಮೊದಲೇ ಹೊಸದನ್ನು ತಂದು, ನಾಲ್ಕೈದು ದಿನ ಎರಡನ್ನೂ ಬೆರೆಸಿ ಕೊಡಿ. ಬಾಯಿ ಬಿಗಿಯಾಗಿ ಕಟ್ಟಿ, ನೆಲದ ತೇವ ತಾಗದಂತೆ ಹಲಗೆಯ ಮೇಲೆ, ಮೇಕೆಗಳು ಕಟ್ಟು ಬಿಚ್ಚಿಕೊಂಡು ತಲುಪಲಾಗದ ಕೋಣೆಯಲ್ಲಿಡಿ. ಬಟ್ಟಲಲ್ಲಿಟ್ಟರೆ ಮೂಸಿ ನೋಡುವ ಬೂದಿ, ಚೀಲ ಸಿಕ್ಕರೆ ಅರ್ಧ ಖಾಲಿ ಮಾಡಿರುತ್ತಾಳೆ.